ಓಡಿಸುವುದಿರಲಿ, ಮೊದಲು ನಿಲ್ಲಿಸುವುದನ್ನು ಕಲಿಯಿರಿ
ಕ್ಯಾರವಾನ್ ಹತ್ತಿ ಗುಜರಾತಿಗೆ ಹೊರಟ ದಂಪತಿಗಳಿಗೆ: ಒಂಬತ್ತು ತಪ್ಪು ಕಲ್ಪನೆಗಳು, ಒಂಬತ್ತು ಸತ್ಯಗಳು

ಬೆಂಗಳೂರಿನಿಂದ ತುಮಕೂರು ಕಡೆಗೆ ಹೊರಟವರು ಹಿಡಿಯುವ 48ನೇ ರಾಷ್ಟ್ರೀಯ ಹೆದ್ದಾರಿ ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಪುಣೆ ಹಾದು, ಮುಂಬೈಯ ಅಂಚು ಸವರಿ, ಸೂರತ್, ವಡೋದರಾ, ಅಹಮದಾಬಾದ್ ಮುಟ್ಟುತ್ತದೆ. ಕ್ಯಾರವಾನಿನಲ್ಲಿ ಗುಜರಾತ್ ನೋಡಬೇಕೆಂದು ಹೊರಡುವ ಕನ್ನಡದ ಗಂಡ-ಹೆಂಡತಿಗೆ ದಾರಿ ಹೊಸದಲ್ಲ, ವಾಹನ ಹೊಸದು.

ಕಲಿಯಲು ಈ ದಾರಿಯ ಗುಜರಾತಿನ ಭಾಗ ಒಳ್ಳೆಯದೇ. ಸೂರತ್‌ನಿಂದ ಅಹಮದಾಬಾದಿಗೆ ಸುಮಾರು 260 ಕಿ.ಮೀ. ನಡುವೆ ಘಾಟಿಯಿಲ್ಲ, ರಸ್ತೆ ಅಗಲ, ಕೆಟ್ಟರೆ ಮೆಕ್ಯಾನಿಕ್ ಸಿಗುತ್ತಾನೆ, ಮೂರು ದೊಡ್ಡ ಊರುಗಳಿವೆ. ಹೊಸಬರೆಲ್ಲ ಹೆದರುವುದು ‘ಇಷ್ಟು ದೊಡ್ಡ ಗಾಡಿ ಹೇಗೆ ಓಡಿಸೋದು’ ಎಂದು. ಓಡಿಸುವುದು ಎರಡು ದಿನದಲ್ಲಿ ಕೈಗೆ ಬರುತ್ತದೆ. ತೊಡಕು ಶುರುವಾಗುವುದು ಗಾಡಿ ನಿಂತ ಮೇಲೆ. ಎಲ್ಲಿ ನಿಲ್ಲಬೇಕು, ಕರೆಂಟ್ ಎಲ್ಲಿಂದ, ನೀರು ಯಾರದು, ಕೊಳಚೆ ಎಲ್ಲಿಗೆ? ಚಾಲ್ತಿಯಲ್ಲಿರುವ ಹೆಚ್ಚಿನ ತಪ್ಪು ಕಲ್ಪನೆಗಳು ಹುಟ್ಟುವುದು ಈ ಪ್ರಶ್ನೆಗಳ ಸುತ್ತಲೇ.

ತಪ್ಪು ಕಲ್ಪನೆ 1: “ಗಾಡಿಯೇ ಮನೆ. ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು.”

ಸತ್ಯ: ಎಲ್ಲಿ ಬೇಕಾದರೂ ಆಗದು. ಅಹಮದಾಬಾದ್–ವಡೋದರಾ ನಡುವಿನ 93 ಕಿ.ಮೀ. ಎಕ್ಸ್‌ಪ್ರೆಸ್‌ವೇಯ ಅಂಚಿನ ಪಟ್ಟಿ ಕೆಟ್ಟ ಗಾಡಿಗಳಿಗೆ ಮೀಸಲು, ನಿದ್ದೆಗಲ್ಲ. ವಡೋದರಾ–ಭರೂಚ್ ನಡುವೆ 2024ರ ಫೆಬ್ರುವರಿಯಲ್ಲಿ ತೆರೆದ ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇಗೂ ಇದೇ ಮಾತು. ರಾತ್ರಿ ಹೊತ್ತು ಲಾರಿಗಳು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಾಯುವ ಜಾಗದಲ್ಲಿ ನಿಂತ ಗಾಡಿಗೆ ಹಿಂದಿನಿಂದ ಗುದ್ದುವುದು ನಮ್ಮ ಹೆದ್ದಾರಿಗಳ ಹಳೆಯ ಕಾಯಿಲೆ.

‘ಹಾಗಾದರೆ ಹೊಳೆ ದಂಡೆಗೆ ಹೋಗೋಣ’ ಎನ್ನುವವರು ವಡೋದರಾದಲ್ಲಿ ಒಮ್ಮೆ ವಿಚಾರಿಸಬೇಕು. ಊರ ನಡುವೆಯೇ ಹರಿಯುವ ವಿಶ್ವಾಮಿತ್ರಿ ನದಿಯಲ್ಲಿ ನೂರಾರು ಮೊಸಳೆಗಳಿವೆ. 2024ರ ಆಗಸ್ಟ್ ಪ್ರವಾಹದಲ್ಲಿ ಅವು ಬಡಾವಣೆಗಳ ಬೀದಿಗೇ ಬಂದಿದ್ದವು. ಸೂರತ್‌ನ ಡುಮಸ್ ಕಡಲತೀರದಲ್ಲಿ ಮೊಸಳೆಯಿಲ್ಲ, ಉಬ್ಬರವಿದೆ. ಖಂಭಾತ್ ಕೊಲ್ಲಿಯ ಉಬ್ಬರವಿಳಿತ ದೇಶದಲ್ಲೇ ಅತಿ ದೊಡ್ಡದು. ನೀರು ಇಳಿದಾಗ ಗಟ್ಟಿ ನೆಲದಂತೆ ಕಾಣುವ ಕಪ್ಪು ಮರಳು ಚಕ್ರವನ್ನು ನುಂಗುತ್ತದೆ. 2025ರ ಜುಲೈನಲ್ಲಿ ನಿಷೇಧ ಮೀರಿ ಇಳಿದ ದುಬಾರಿ ಕಾರೊಂದು ಅಲ್ಲಿ ಹೂತು ಹೋಗಿ ಸುದ್ದಿಯಾಯಿತು. ಅದರ ಎರಡು ಪಟ್ಟು ತೂಕದ ಕ್ಯಾರವಾನಿನ ಪಾಡು ಹೇಳಬೇಕೆ?

ನಿಜವಾಗಿ ರಾತ್ರಿ ಕಳೆಯಬಹುದಾದ ಜಾಗಗಳು ಇವು: ಹೆದ್ದಾರಿ ಹೋಟೆಲುಗಳ ಅಂಗಳ, ರಿಸಾರ್ಟಿನ ಪಾರ್ಕಿಂಗ್, ಲಾರಿ ನಿಲ್ಲಲು ಜಾಗ ಬಿಟ್ಟಿರುವ ದೊಡ್ಡ ಪೆಟ್ರೋಲ್ ಬಂಕ್, ಧರ್ಮಶಾಲೆಯ ಆವರಣ. ನಾಲ್ಕಕ್ಕೂ ಶರತ್ತು ಒಂದೇ, ಮೊದಲು ಕೇಳಬೇಕು. ಕತ್ತಲಾದ ಮೇಲೆ ಬಂದು ಕೇಳಿದವರಿಗಿಂತ ಸಂಜೆ ನಾಲ್ಕಕ್ಕೇ ಬಂದು ಚಹಾ ಕುಡಿದು, ಊಟ ಇಲ್ಲೇ ಎಂದು ಹೇಳಿ ಕೇಳಿದವರಿಗೆ ‘ಹೂಂ’ ಎನ್ನುವ ಮಾಲೀಕರು ಹೆಚ್ಚು. ಇನ್ನೊಂದು ಮಾತು. ಜೈನ ಧರ್ಮಶಾಲೆಯ ಅಂಗಳದಲ್ಲಿ ನಿಂತು ಬಂಗುಡೆ ಹುರಿಯುವಂತಿಲ್ಲ. ಗಾಡಿಯ ಒಳಗೆ ಬೇಯಿಸಿದರೂ ವಾಸನೆ ಅವರ ಅಂಗಳಕ್ಕೇ. ಅಲ್ಲಿ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿಯ ವಿಚಾರವನ್ನೂ ಮೊದಲೇ ಕೇಳಿಕೊಳ್ಳುವುದು ಮರ್ಯಾದೆ.

ತಪ್ಪು ಕಲ್ಪನೆ 2: “ಮೇಲೆ ಸೋಲಾರ್ ಇದೆ, ಕೆಳಗೆ ಬ್ಯಾಟರಿ ಇದೆ. ರಾತ್ರಿಯಿಡೀ ಎಸಿ ಹಾಕಿಕೊಂಡು ಮಲಗಬಹುದು.”

ಸತ್ಯ: ಈ ನಂಬಿಕೆಗೆ ಸಿನಿಮಾ ಕ್ಯಾರವಾನುಗಳೇ ಕಾರಣ. ಶೂಟಿಂಗ್ ಜಾಗದಲ್ಲಿ ನಟರ ಕ್ಯಾರವಾನ್ ದಿನವಿಡೀ ತಣ್ಣಗಿರುತ್ತದೆ ನಿಜ, ಆದರೆ ಅದಕ್ಕೆ ಕರೆಂಟ್ ಕೊಡುವ ಜನರೇಟರ್ ಹತ್ತಿರದಲ್ಲೇ ಎಲ್ಲೋ ಗುರುಗುಡುತ್ತಿರುತ್ತದೆ.

ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲೇ ಲೆಕ್ಕ ಹಾಕೋಣ. ಒಂದು ಟನ್ ಎಸಿ ಪೂರ್ತಿ ದುಡಿಯುವಾಗ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. 12 ವೋಲ್ಟ್, 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 2.4 ಯೂನಿಟ್. ಮಾಮೂಲಿ ಲೆಡ್-ಆಸಿಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಬಳಸಬಹುದು. ಅದಕ್ಕಿಂತ ಹೆಚ್ಚು ಹೀರಿದರೆ ಆಯುಸ್ಸು ಕುಗ್ಗುತ್ತದೆ. ಲಿಥಿಯಂ ಆದರೆ ಎರಡು ಯೂನಿಟ್‌ವರೆಗೆ. ಅಂದರೆ ಒಂದರಿಂದ ಎರಡು ಗಂಟೆ ಎಸಿ. ಚಾವಣಿಯ ಮೇಲಿನ 400 ವಾಟ್ ಸೋಲಾರ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಯೂನಿಟ್ ಕೊಡುತ್ತದೆ. ದೀಪ, ಫೋನು, 12 ವೋಲ್ಟಿನ ಫ್ಯಾನು, ಸಣ್ಣ ಫ್ರಿಜ್ಜಿಗೆ ಅಷ್ಟು ಧಾರಾಳ, ಎಸಿಗೆ ಸಾಲದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಬ್ಯಾಟರಿಗೂ ಸಲ್ಲುತ್ತದೆ.

ಗುಜರಾತಿನ ಬೇಸಿಗೆಯಲ್ಲಿ ಇದು ಬರೀ ಸುಖದ ಮಾತಲ್ಲ. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬಿಸಿಗಾಳಿ ಎದುರಿಸಲು 2013ರಲ್ಲೇ ಪಾಲಿಕೆ ಪ್ರತ್ಯೇಕ ಕಾರ್ಯಯೋಜನೆ ಮಾಡಿಕೊಂಡ ಊರು ಅದು. ತಗಡಿನ ಮೈಯ ಗಾಡಿ ಅಂಥ ಬಿಸಿಲಿನಲ್ಲಿ ಇಡೀ ದಿನ ನಿಂತರೆ ರಾತ್ರಿ ಹನ್ನೊಂದಾದರೂ ಒಳಗೆ ಕಾವು ಇಳಿಯದು. ಹಾಗಾಗಿ ಮೊದಲ ಪ್ರವಾಸಕ್ಕೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಎಸಿ ಬೇಕೇ ಬೇಕೆನ್ನುವವರು ಕರೆಂಟ್ ಸಿಗುವ ಜಾಗದಲ್ಲೇ ನಿಲ್ಲಬೇಕು. ದಪ್ಪ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್ ಇದ್ದರೆ ಸಾಕು, ಅರ್ಥಿಂಗ್ ಸರಿಯಿದೆಯೇ ಎಂದು ಟೆಸ್ಟರ್ ಹಿಡಿದು ನೋಡಿ. ವೈರನ್ನು ಸುರುಳಿಯಲ್ಲೇ ಬಿಟ್ಟು ಎಸಿ ಹಾಕಬೇಡಿ. ಸುತ್ತಿದ ವೈರು ಕಾದು ಕರಗುತ್ತದೆ. ಪೂರ್ತಿ ಬಿಚ್ಚಿ ಹರಡಿ.

ಎಂಜಿನ್ ಅಥವಾ ಜನರೇಟರ್ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆಹಚ್ಚುವ ಅಂಗೈಯಗಲದ ಅಲಾರಂ ಒಂದನ್ನು ಮಂಚದ ಹತ್ತಿರ ಅಂಟಿಸುವುದು ಕ್ಯಾರವಾನಿನ ಮೊದಲ ಖರ್ಚಾಗಬೇಕು.

ತಪ್ಪು ಕಲ್ಪನೆ 3: “ಇಷ್ಟು ದೊಡ್ಡ ಗಾಡಿಗೆ ಹೆವಿ ಲೈಸೆನ್ಸ್ ಬೇಕು.”

ಸತ್ಯ: ಒಟ್ಟು ತೂಕ 7,500 ಕೆ.ಜಿ. ಮೀರದಿದ್ದರೆ ಕಾರಿನ ಎಲ್‌ಎಂವಿ ಲೈಸೆನ್ಸ್ ಸಾಕು. ಟೆಂಪೋ ಟ್ರಾವೆಲರಿನಂಥ ಗಾಡಿಯ ಮೇಲೆ ಕಟ್ಟಿದ ಕ್ಯಾರವಾನುಗಳು ಈ ಮಿತಿಯೊಳಗೇ ಬರುತ್ತವೆ. ಹಳದಿ ಬೋರ್ಡಿನ ಗಾಡಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಆದರೂ ನಮ್ಮಲ್ಲಿ ಬಾಡಿಗೆ ಕ್ಯಾರವಾನುಗಳು ಹೆಚ್ಚಾಗಿ ಚಾಲಕನ ಸಮೇತವೇ ಸಿಗುತ್ತವೆ. ಹೊಸಬರಿಗೆ ಅದು ನಷ್ಟವಲ್ಲ. ಅವನ ಪಕ್ಕ ಕುಳಿತು ಎರಡು ದಿನ ನೋಡಿದವರು ಎಷ್ಟೋ ಕಲಿಯುತ್ತಾರೆ.

ತಪ್ಪು ಕಲ್ಪನೆ 4: “ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಗ್ಯಾರೇಜಿನಲ್ಲಿ ಮಂಚ, ಸಿಂಕು ಕೂರಿಸಿದರೆ ಕ್ಯಾರವಾನ್ ರೆಡಿ.”

ಸತ್ಯ: ಮರಗೆಲಸ ಮುಗಿಯಬಹುದು, ಕಾಗದ ಪತ್ರ ಮುಗಿಯದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಬೀಳಬಹುದು. ಕ್ಯಾರವಾನಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಅದರಂತೆ ಒಪ್ಪಿಗೆ ಪಡೆದ ತಯಾರಕರ ಗಾಡಿಯನ್ನು ಆರ್‌ಟಿಒ ಕ್ಯಾರವಾನ್ ಎಂದೇ ನೋಂದಾಯಿಸುತ್ತದೆ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿ ಬರುತ್ತದೆ, ಬಾಡಿಗೆಗೆ ಓಡುವುದು ಸಾರಿಗೆ ವಾಹನವಾಗುತ್ತದೆ. ಆರ್‌ಸಿಯಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಇದ್ದರೆ ಅಪಘಾತವಾದ ದಿನ ವಿಮಾ ಕಂಪನಿ ಕೈ ಎತ್ತಲು ಅಷ್ಟೇ ಸಾಕು.

ತಪ್ಪು ಕಲ್ಪನೆ 5: “ಮನೆಯ ಸಿಲಿಂಡರ್ ಒಂದನ್ನು ಮೂಲೆಯಲ್ಲಿ ಇಟ್ಟುಕೊಂಡರಾಯಿತು.”

ಸತ್ಯ: 14.2 ಕೆ.ಜಿ. ಸಿಲಿಂಡರ್ ಕೊಟ್ಟಿರುವುದು ಮನೆಯ ಅಡುಗೆಮನೆಗೆ. ಪ್ರವಾಸಕ್ಕೆ ಗುರುತಿನ ಚೀಟಿ ತೋರಿಸಿ ಕೊಳ್ಳಬಹುದಾದ 5 ಕೆ.ಜಿ. ಸಿಲಿಂಡರ್ ಇದೆ. ಇಂಡಿಯನ್ ಆಯಿಲ್ 2020ರಲ್ಲಿ ಅದಕ್ಕೆ ‘ಛೋಟು’ ಎಂದು ಹೆಸರಿಟ್ಟಿತು.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಕಿಟಕಿ ತೆರೆದಿದ್ದರೂ ಅದು ಹೊರಗೆ ಹೋಗದು. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ರಂಧ್ರ ಇರಲೇಬೇಕು. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಆಗಿರಬೇಕು. ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸಾಕೆಟ್ ಸಿಗುವ ಕಡೆ ಇಂಡಕ್ಷನ್ ಒಲೆಯಲ್ಲೇ ಅನ್ನ-ಸಾರು ಮುಗಿಸಿಕೊಂಡರೆ ಇನ್ನೂ ಕ್ಷೇಮ. ಆದರೆ ಒಂದೇ ಸಾಕೆಟ್ಟಿನಲ್ಲಿ ಎಸಿ, ಇಂಡಕ್ಷನ್, ಗೀಸರ್ ಮೂರನ್ನೂ ಒಟ್ಟಿಗೆ ಹಾಕಿದರೆ ಹೋಟೆಲಿನ ಫ್ಯೂಸ್ ಹಾರಿ, ಸಂಜೆ ಸಂಪಾದಿಸಿದ ಸ್ನೇಹವೂ ಹಾರುತ್ತದೆ.

ತಪ್ಪು ಕಲ್ಪನೆ 6: “ನೀರು, ಟಾಯ್ಲೆಟ್ ಎಲ್ಲ ಒಳಗೇ ಇದೆ. ಊರಿನ ಹಂಗಿಲ್ಲ.”

ಸತ್ಯ: ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ನೂರು ಲೀಟರಿನ ಟ್ಯಾಂಕು ಇಬ್ಬರು ಷವರ್ ಬಿಟ್ಟು ಸ್ನಾನ ಮಾಡಿದರೆ ಎರಡು ದಿನಕ್ಕೂ ಬಾರದು. ಅರ್ಧ ಬಕೆಟ್ ಮತ್ತು ಚೊಂಬಿಗೆ ಹೊಂದಿಕೊಂಡರೆ ಮೂರು ದಿನ ಎಳೆಯಬಹುದು. ಟ್ಯಾಂಕು ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದರೆ, ಒಂದು ಲೀಟರ್ ನೀರು ಒಂದು ಕೆ.ಜಿ. 150 ಲೀಟರ್ ತುಂಬಿಸಿದರೆ ಇನ್ನೂ ಇಬ್ಬರು ಮನುಷ್ಯರನ್ನು ಹತ್ತಿಸಿಕೊಂಡಂತೆ. ಬ್ರೇಕ್ ಹಿಡಿಯುವ ದೂರ, ಟೈರಿನ ಬಿಸಿ, ಡೀಸೆಲ್ ಎಲ್ಲಕ್ಕೂ ಅದು ತಟ್ಟುತ್ತದೆ. ಆದ್ದರಿಂದ ದಾರಿಗೆ ಬೇಕಾದಷ್ಟೇ ಹೊತ್ತು, ರಾತ್ರಿ ತಂಗುವ ಜಾಗದ ಹತ್ತಿರ ತುಂಬಿಸಿಕೊಳ್ಳುವುದು ಅನುಭವಸ್ಥರ ಕ್ರಮ. ಕುಡಿಯುವ ನೀರಿಗೆ 20 ಲೀಟರಿನ ಕ್ಯಾನು ಬೇರೆಯೇ ಇರಲಿ.

ಒಳಗೆ ಬಂದ ನೀರು ಹೊರಗೂ ಹೋಗಬೇಕಲ್ಲ. ವಿದೇಶದ ಕ್ಯಾಂಪಿಂಗ್ ಮೈದಾನಗಳಲ್ಲಿರುವಂತೆ ಕೊಳಚೆ ಖಾಲಿ ಮಾಡುವ ಕಟ್ಟೆಗಳು ನಮ್ಮ ಹೆದ್ದಾರಿಯಲ್ಲಿಲ್ಲ. ಸಣ್ಣ ಕ್ಯಾರವಾನುಗಳಲ್ಲಿ ಟಾಯ್ಲೆಟ್ಟಿನ ಅಡಿಗೆ ಹೊರಗಿನಿಂದ ಎಳೆದು ತೆಗೆಯುವ 20 ಲೀಟರ್ ಆಸುಪಾಸಿನ ಡಬ್ಬಿ ಇರುತ್ತದೆ. ಇಬ್ಬರಿಗೆ ಅದು ಎರಡು–ಮೂರು ದಿನಕ್ಕೆ ತುಂಬುತ್ತದೆ. ಅದನ್ನು ತಂಗಿದ ಜಾಗದವರ ಅನುಮತಿ ಕೇಳಿ ಅವರ ಶೌಚಾಲಯದಲ್ಲೇ ಸುರಿದು, ತೊಳೆದು, ಆ ಜಾಗವನ್ನೂ ತೊಳೆದು ಬರಬೇಕು. ರಸ್ತೆ ಬದಿಯ ಮಳೆನೀರು ಚರಂಡಿಗೆ ಬಿಟ್ಟರೆ ಅದು ಹೊಳೆ ಸೇರುತ್ತದೆ. ಪಾತ್ರೆ ತೊಳೆದ ನೀರನ್ನೂ ಹಾಗೆ ಬಿಡುತ್ತ ಸಾಗುವಂತಿಲ್ಲ.

ಅದೂ ಈ ಊರುಗಳಲ್ಲಿ! 1994ರಲ್ಲಿ ಪ್ಲೇಗ್ ಬಂದು ಜನ ಊರು ಬಿಟ್ಟು ಓಡಿದ್ದ ಸೂರತ್, ಆಮೇಲೆ ಪಾಲಿಕೆ ಆಯುಕ್ತ ಎಸ್.ಆರ್. ರಾವ್ ಕಾಲದಲ್ಲಿ ಮೈಕೊಡವಿ ಎದ್ದು, 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. 2024–25ರ ಸಾಲಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ ಪಟ್ಟಿಯಲ್ಲಿ ಅಹಮದಾಬಾದ್ ಮೊದಲು ಬಂತು. ಹೊರರಾಜ್ಯದ ನಂಬರಿನ ಗಾಡಿಯಿಂದ ಬೀದಿಗೆ ನೀರು ತೊಟ್ಟಿಕ್ಕಿದರೆ ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ತಪ್ಪು ಕಲ್ಪನೆ 7: “ಫೋನಿನ ಮ್ಯಾಪ್ ತೋರಿಸಿದ ದಾರಿಯಲ್ಲಿ ಹೋದರಾಯಿತು.”

ಸತ್ಯ: ಮ್ಯಾಪಿಗೆ ನಿಮ್ಮ ಗಾಡಿಯ ಎತ್ತರ ಗೊತ್ತಿಲ್ಲ. ಚಾವಣಿಯ ಎಸಿ ಸೇರಿ ಮೂರು ಮೀಟರ್ ಮುಟ್ಟುವ ಗಾಡಿಯನ್ನೂ ಅದು ಕಾರೆಂದೇ ತಿಳಿಯುತ್ತದೆ. ಗಾಡಿ ಕೈಗೆ ಬಂದ ದಿನವೇ ಟೇಪು ಹಿಡಿದು ಎತ್ತರ, ಅಗಲ, ಉದ್ದ ಅಳೆದು ಸ್ಟೀರಿಂಗಿನ ಎದುರು ಬರೆದು ಅಂಟಿಸಿ. ಮಾಲ್‌ಗಳ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಎತ್ತರ ಸಾಮಾನ್ಯವಾಗಿ ಎರಡು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ.

ಗುಜರಾತಿನವರು ‘ಗರನಾಳಾ’ ಎನ್ನುವ ರೈಲ್ವೆ ಕೆಳಸೇತುವೆಗಳು ಇನ್ನೊಂದು ಬಲೆ. ವಡೋದರಾದ ಅಲ್ಕಾಪುರಿ ಗರನಾಳಾ, ಅಹಮದಾಬಾದಿನ ಅಖ್ಬಾರನಗರ, ಮೀಠಾಖಳಿ ಕೆಳಸೇತುವೆಗಳು ದೊಡ್ಡ ಮಳೆಗೆ ತುಂಬಿ ಮುಚ್ಚುತ್ತವೆ. ಮಳೆಗಾಲದಲ್ಲಿ ಸೇತುವೆಗಳ ಸುದ್ದಿಯನ್ನೂ ನೋಡಿಕೊಳ್ಳಬೇಕು. 2025ರ ಜುಲೈ 9ರಂದು ವಡೋದರಾ ಮತ್ತು ಆಣಂದ್ ಜಿಲ್ಲೆಗಳ ನಡುವೆ ಮಹೀಸಾಗರ ನದಿಯ ಮೇಲಿದ್ದ ಗಂಭೀರಾ ಸೇತುವೆ ಕುಸಿದು, ವಾಹನಗಳು ನದಿಗೆ ಬಿದ್ದು ಹಲವರು ಸತ್ತರು. ಆಮೇಲೆ ರಾಜ್ಯದ ಹಲವು ಹಳೆಯ ಸೇತುವೆಗಳ ಮೇಲೆ ಭಾರಿ ವಾಹನಗಳಿಗೆ ನಿರ್ಬಂಧ ಬಂತು. ಒಳದಾರಿಯ ಹತ್ತು ಕಿ.ಮೀ. ಉಳಿತಾಯಕ್ಕೆ ಹೆದ್ದಾರಿ ಬಿಡದಿರುವುದೇ ಲೇಸು.

ನಗರದೊಳಗೆ ಕ್ಯಾರವಾನ್ ಒಯ್ಯುವ ಆಸೆಯನ್ನೂ ಬಿಡಿ. ಅಹಮದಾಬಾದಿನಲ್ಲಿ 2009ರಿಂದ ಇರುವ ಬಿಆರ್‌ಟಿಎಸ್ ಪಥ ಬಸ್ಸಿಗೆ ಮಾತ್ರ. ಖಾಲಿ ಕಂಡಿತೆಂದು ನುಗ್ಗಿದರೆ ದಂಡ. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ನಗರವೆಂದು ಮನ್ನಣೆ ಪಡೆದ ಹಳೇ ಊರಿನ ‘ಪೋಳ್’ ಓಣಿಗಳಲ್ಲಿ ಆಟೊ ತಿರುಗಿಸುವುದೇ ಕಷ್ಟ. ಗಾಡಿಯನ್ನು ಊರ ಹೊರಗೆ ಬಿಟ್ಟು ಮೆಟ್ರೊ ಹತ್ತಿ. 2024ರ ಸೆಪ್ಟೆಂಬರ್‌ನಿಂದ ಗಾಂಧಿನಗರದ ಕಡೆಯಿಂದಲೂ ರೈಲಿದೆ. ನಡುವೆ ಮಾರ್ಗ ಬದಲಿಸಿ ಕಾಲುಪುರದಲ್ಲಿ ಇಳಿದರೆ ಹಳೇ ಊರು ಕಾಲ್ನಡಿಗೆಯ ದೂರ.

ಮ್ಯಾಪ್ ನೋಡುವವರಿಗೆ ಸುಲಭವಾಗಿ ಹೊಳೆಯದ ಒಳ್ಳೆಯ ದಾರಿಯೂ ಒಂದಿದೆ. ಸೂರತ್ ಪಕ್ಕದ ಹಜೀರಾದಿಂದ ಭಾವನಗರದ ಘೋಘಾಕ್ಕೆ ವಾಹನ ಸಮೇತ ಒಯ್ಯುವ ಹಡಗು 2020ರ ನವೆಂಬರ್ 8ರಂದು ಶುರುವಾಯಿತು. ರಸ್ತೆಯಲ್ಲಿ 370 ಕಿ.ಮೀ. ಇರುವುದು ಸಮುದ್ರದಲ್ಲಿ 90 ಕಿ.ಮೀ. ಆಗುತ್ತದೆ. ಟಿಕೆಟ್ ಮಾಡಿಸುವಾಗ ಗಾಡಿಯ ಅಳತೆ ಹೇಳಿ, ಒಳಗೆ ಗ್ಯಾಸ್ ಇದೆ ಎಂಬುದನ್ನೂ ಮೊದಲೇ ಹೇಳಿ ಕೇಳಿಕೊಳ್ಳಿ.

ತಪ್ಪು ಕಲ್ಪನೆ 8: “ನಮ್ಮ ಗಾಡಿಯೊಳಗೆ ನಮ್ಮ ಫ್ರಿಜ್ಜು. ಅದರಲ್ಲೊಂದು ಬಾಟಲಿ ಇದ್ದರೆ ಯಾರಿಗೇನು?”

ಸತ್ಯ: ಗುಜರಾತಿನಲ್ಲಿ ಪಾನನಿಷೇಧವಿದೆ, 1960ರಲ್ಲಿ ರಾಜ್ಯ ಹುಟ್ಟಿದಂದಿನಿಂದಲೂ. ಪರವಾನಗಿ ಇಲ್ಲದೆ ಮದ್ಯ ಇಟ್ಟುಕೊಳ್ಳುವುದೇ ಅಪರಾಧ. ಗಾಡಿಯನ್ನೂ ಮುಟ್ಟುಗೋಲು ಹಾಕಬಹುದು. ಮಹಾರಾಷ್ಟ್ರದಲ್ಲಿ ಸಲೀಸಾಗಿ ಕೊಂಡ ಬಾಟಲಿ ವಾಪಿ ಹತ್ತಿರ ಗಡಿ ದಾಟಿದ ಕ್ಷಣದಿಂದ ಕೇಸು. ಪಕ್ಕದಲ್ಲೇ ಮದ್ಯ ಸಿಗುವ ದಮನ್ ಇರುವುದರಿಂದ ಆ ಭಾಗದಲ್ಲಿ ತಪಾಸಣೆಯೂ ಜೋರು. ಹೊರರಾಜ್ಯದವರಿಗೆ ತಾತ್ಕಾಲಿಕ ಪರವಾನಗಿಯ ವ್ಯವಸ್ಥೆ ಇದೆ. ಆದರೆ ಅದನ್ನು ಪಡೆದ ಮೇಲೆ ಇಲ್ಲಿನ ಅಧಿಕೃತ ಅಂಗಡಿಯಿಂದ ಕೊಳ್ಳಬೇಕು. ಮಂಚ, ಫ್ರಿಜ್ಜು ಇದ್ದ ಮಾತ್ರಕ್ಕೆ ಗಾಡಿ ಖಾಸಗಿ ಮನೆಯಾಗುವುದಿಲ್ಲ.

ತಪ್ಪು ಕಲ್ಪನೆ 9: “ಒಬ್ಬರು ಓಡಿಸಿದರೆ ಇನ್ನೊಬ್ಬರು ಹಿಂದೆ ಮಲಗಬಹುದು, ಚಹಾ ಮಾಡಬಹುದು.”

ಸತ್ಯ: ಓಡುವ ಗಾಡಿಯಲ್ಲಿ ಮಂಚ ಆಸನವಲ್ಲ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಮಲಗಿದವರೂ, ಕುದಿಯುವ ನೀರೂ, ಬಿಗಿಯಾಗಿ ಮುಚ್ಚದ ಕಪಾಟಿನ ಕುಕ್ಕರೂ ಒಂದೇ ದಿಕ್ಕಿಗೆ ಹಾರುತ್ತವೆ. ಗಾಡಿ ಚಲಿಸುವಾಗ ಇಬ್ಬರೂ ಬೆಲ್ಟು ಹಾಕಿ ಸೀಟಿನಲ್ಲೇ ಇರಬೇಕು.

ಕೆಲಸ ಹಂಚಿಕೆಯಲ್ಲೂ ಒಂದು ತಪ್ಪು ಸಾಮಾನ್ಯ. ಸ್ಟೀರಿಂಗ್, ಬ್ಯಾಟರಿ, ಗ್ಯಾಸು ಗಂಡನಿಗೆ. ಅಡುಗೆ, ಹಾಸಿಗೆ ಹೆಂಡತಿಗೆ. ಗಂಡನಿಗೆ ಜ್ವರ ಬಂದ ದಿನ ಗಾಡಿ ಅಲ್ಲೇ ನಿಲ್ಲುತ್ತದೆ. ಇಬ್ಬರಿಗೂ ಎರಡೂ ಗೊತ್ತಿರಬೇಕು. ರಿವರ್ಸ್ ತೆಗೆಯುವಾಗ ಒಬ್ಬರು ಇಳಿದು ಚಾಲಕನ ಕನ್ನಡಿಯಲ್ಲಿ ಕಾಣುವ ಕಡೆ ನಿಲ್ಲಬೇಕು. ಕನ್ನಡಿಯಲ್ಲಿ ಅವರು ಕಾಣದಿದ್ದರೆ ಗಾಡಿ ನಿಲ್ಲಬೇಕು. ‘ಬಾ, ಸಾಕು, ಎಡಕ್ಕೆ, ಬಲಕ್ಕೆ’ ಈ ನಾಲ್ಕಕ್ಕೂ ಕೈಸನ್ನೆ ಮನೆಯಲ್ಲೇ ಗೊತ್ತುಮಾಡಿಕೊಂಡವರಿಗೆ ಹೋಟೆಲ್ ಅಂಗಳದಲ್ಲಿ ಜಗಳವಾಡುವ ಪ್ರಸಂಗ ಬಾರದು. ಹೊರಡುವ ಮುಂಚಿನ ಪಟ್ಟಿಯೂ ಗೋಡೆಯ ಮೇಲಿರಲಿ: ಗ್ಯಾಸ್ ಬಂದ್, ವೈರ್ ಕಿತ್ತಿದೆ, ಮೆಟ್ಟಿಲು ಮಡಚಿದೆ, ಚಾವಣಿ ಕಿಟಕಿ ಮುಚ್ಚಿದೆ, ಫ್ರಿಜ್ಜಿನ ಚಿಲಕ ಬಿದ್ದಿದೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಬೇಕು.

ಹಾಗಾದರೆ ಶುರು ಎಲ್ಲಿಂದ?

ಕೊಳ್ಳುವ ಮಾತು ಮೊದಲಿಗೆ ಬೇಡ. ಚಳಿಗಾಲದಲ್ಲಿ ಎರಡು ರಾತ್ರಿಗೆ ಗುಜರಾತಿನಲ್ಲೇ ಚಾಲಕನ ಸಮೇತ ಬಾಡಿಗೆಗೆ ತೆಗೆದುಕೊಳ್ಳಿ. ಹೋಟೆಲ್ ಖರ್ಚು ಉಳಿಯುತ್ತದೆ ಎಂಬ ಲೆಕ್ಕದಲ್ಲಿ ಹೊರಡಬೇಡಿ. ಬಾಡಿಗೆ, ಡೀಸೆಲ್, ಟೋಲ್, ತಂಗುವ ಜಾಗದ ಹಣ ಕೂಡಿಸಿದರೆ ಇಬ್ಬರಿಗೆ ಸಾಧಾರಣ ಹೋಟೆಲೇ ಅಗ್ಗ. ಮೊದಲ ರಾತ್ರಿ ವಡೋದರಾ ಹೊರವಲಯದಲ್ಲಿ ಕರೆಂಟ್, ನೀರು ಎರಡೂ ಇರುವ ಹೋಟೆಲ್ ಅಂಗಳದಲ್ಲಿ ತಂಗಿ. ಬೆಳಿಗ್ಗೆ 50 ಕಿ.ಮೀ. ಒಳಗೇ ಇರುವ, 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಚಾಂಪಾನೇರ್–ಪಾವಾಗಢ ನೋಡಿ ಬನ್ನಿ. ಎರಡನೇ ರಾತ್ರಿ ಬೇಕೆಂದೇ ಕರೆಂಟ್ ಇಲ್ಲದ, ಆದರೆ ಕಾವಲಿರುವ ಜಾಗದಲ್ಲಿ ನಿಲ್ಲಿ. ಮರುದಿನ ಬೆಳಿಗ್ಗೆ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಟ್ಯಾಂಕಿನಲ್ಲಿ ಎಷ್ಟಿದೆ, ಟಾಯ್ಲೆಟ್ ಡಬ್ಬಿ ಎಷ್ಟು ತುಂಬಿದೆ ಎಂದು ಇಬ್ಬರೂ ಬೇರೆಬೇರೆಯಾಗಿ ಬರೆದು ಹೋಲಿಸಿ. ಡಬ್ಬಿಯನ್ನು ಇಬ್ಬರೂ ಒಂದೊಂದು ಸಲ ಖಾಲಿ ಮಾಡಿ. ಅದಾದ ಮೇಲೂ ಇನ್ನೊಂದು ರಾತ್ರಿ ಹೊರಗಿರಬೇಕೆಂದು ಇಬ್ಬರಿಗೂ ಅನ್ನಿಸಿದರೆ ಶೋರೂಮಿಗೆ ಫೋನ್ ಮಾಡಿ. ಒಬ್ಬರಿಗೆ ಮಾತ್ರ ಅನ್ನಿಸಿದರೆ ಇನ್ನೊಂದು ಸಲ ಬಾಡಿಗೆಗೆ ಹೋಗಿ.